ನಾನು ಮೂರನೆಯವನಾದದ್ದು

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಆ ಗಾದೆ ಮಾಡಿದವನಿಗೆ ಮೋಟಾರು ವಿಮೆಯ ವಿಷಯ ತಿಳಿದಿರಲಾರದು. ಏಕೆಂದರೆ ವಿಮೆಯ ಭಾಷೆಯಲ್ಲಿ ಮೂರನೆಯವನೆಂದರೆ ದೂರದಲ್ಲಿ ನಿಂತು ಜಗಳ ನೋಡುವವನಲ್ಲ; ಪೆಟ್ಟು ತಿಂದವನು. ಪಾಲಿಸಿ ಮಾಡಿಸಿದವನು ಮೊದಲನೆಯವನು, ಹಣ ಕಟ್ಟಿಸಿಕೊಂಡ ಕಂಪೆನಿ ಎರಡನೆಯದು, ಅವರಿಬ್ಬರ ಒಪ್ಪಂದವೇನೆಂದು ಅರಿಯದೆ ರಸ್ತೆಯ ಮೇಲೆ ತನ್ನ ಪಾಡಿಗೆ ತಾನಿದ್ದು ಏಟು ತಿನ್ನುವ ಮಹಾನುಭಾವನೇ ಮೂರನೆಯವನು. ಈ ಪದವಿ ೨೦೨೩ರ ಜನವರಿಯಲ್ಲಿ ನಮ್ಮ ಮನೆಗೆ ಕರೆಯದೆಯೇ ಬಂದಿತು. ಅದರಿಂದ ನಾನು ಕಲಿತ ಪಾಠ ಬಿ.ಎ. ತರಗತಿಯ ಯಾವ ಪತ್ರಿಕೆಯಲ್ಲಿಯೂ ಇಲ್ಲವಾದ ಕಾರಣ, ಸಹಪಾಠಿಗಳ ಮತ್ತು ಗುರುಗಳ ಮುಂದೆ ಅದನ್ನು ಇಡುವ ಧೈರ್ಯ ಮಾಡಿದ್ದೇನೆ.

ನಮ್ಮ ಊರು ದಂಡಿನಶಿವರ; ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ರೈಲಿನಲ್ಲಿ ಬರುವವರು ಅಮ್ಮಸಂದ್ರದಲ್ಲಿ ಇಳಿದು ಬರಬೇಕು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ತೆಂಗಿನ ತೋಟ. ನಮ್ಮವರ ಮದುವೆ, ಮನೆ, ಮಕ್ಕಳ ಓದು, ಆಸ್ಪತ್ರೆಯ ಬಿಲ್ಲು ಎಲ್ಲವೂ ಅಟ್ಟದ ಮೇಲಿನ ಕಾಯಿಯಿಂದಲೇ ಇಳಿದು ಬರಬೇಕು. ನಮ್ಮ ಮನೆಗೆ ಕಾರು ಬಂದದ್ದೂ ಹಾಗೆಯೇ. ೨೦೦೮ರ ಮಾಡೆಲಿನ ಮಾರುತಿ ೮೦೦. ಎರಡು ಕೈ ದಾಟಿ ನಮ್ಮ ಕೈಗೆ ಬಂದದ್ದು. ಅಜ್ಜಿಯನ್ನು ತಿಂಗಳಿಗೊಮ್ಮೆ ತಿಪಟೂರಿನ ವೈದ್ಯರಲ್ಲಿಗೆ ಕರೆದೊಯ್ಯುವುದು ಅದರ ಮುಖ್ಯ ಉದ್ಯೋಗ. ಉಳಿದಂತೆ ಹಿಂಡಿ ಮೂಟೆ, ಗೊಬ್ಬರದ ಚೀಲ, ನೆಂಟರಿಷ್ಟರು, ಯಾವುದನ್ನೂ ಅದು ಬೇಡವೆಂದದ್ದಿಲ್ಲ.

ಆ ದಿನ ತುರುವೇಕೆರೆಯಿಂದ ಎರಡು ಮೂಟೆ ಕಡಲೆಕಾಯಿ ಹಿಂಡಿ ಹಾಕಿಕೊಂಡು ನಾನೊಬ್ಬನೇ ಬರುತ್ತಿದ್ದೆ. ಒಂದು ಮೂಟೆ ಡಿಕ್ಕಿಯಲ್ಲಿ, ಇನ್ನೊಂದು ಹಿಂದಿನ ಸೀಟಿನಲ್ಲಿ. ಲೈಸೆನ್ಸು ಕೈಗೆ ಬಂದು ಮೂರು ತಿಂಗಳಾಗಿತ್ತು. ಹೊತ್ತು ಮುಳುಗಿ, ಮನೆಗಳಲ್ಲಿ ದೀಪ ಹಚ್ಚುವ ವೇಳೆ. ಎರಡೂ ಕಡೆ ತೋಟವಿದ್ದ ಒಂದು ತಿರುವು ದಾಟುತ್ತಿದ್ದಂತೆ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಓಡಿಸುತ್ತ ಮಾತಾಡಬಾರದೆಂಬ ವಿವೇಕ ನನಗಿತ್ತು. ಆದರೆ ತಿರುವಿನ ಪಕ್ಕದಲ್ಲೇ ನಿಲ್ಲಿಸಬಾರದೆಂಬ ವಿವೇಕ ಇರಲಿಲ್ಲ. ಅರ್ಧ ಗಾಡಿ ಮಣ್ಣಿನ ಮೇಲೆ, ಅರ್ಧ ಟಾರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಸಿಗ್ನಲ್ ಚೆನ್ನಾಗಿ ಸಿಗಲೆಂದು ಇಳಿದು ಹತ್ತು ಹೆಜ್ಜೆ ಮುಂದೆ ಹೋದೆ. ಆ ಹತ್ತು ಹೆಜ್ಜೆಯೇ ನನ್ನನ್ನು ಉಳಿಸಿತು.

ನಾರಿನ ಫ್ಯಾಕ್ಟರಿಗೆ ಮಟ್ಟೆ ತುಂಬಿಕೊಂಡು ಹೊರಟಿದ್ದ ಲಾರಿಯೊಂದು ತಿರುವಿನಲ್ಲಿ ಬಂದು, ಬ್ರೇಕು ಕಿರುಚುತ್ತ, ನಮ್ಮ ಕಾರಿನ ಬೆನ್ನಿಗೆ ಗುದ್ದಿತು. ಡಿಕ್ಕಿಗೆ ಡಿಕ್ಕಿ ಎಂದರೆ ಇದೇ ಇರಬೇಕು. ಡಿಕ್ಕಿ ಹಿಂದಿನ ಸೀಟಿನವರೆಗೆ ಒಳಗೆ ಬಂದಿತ್ತು. ಮೂಟೆ ಒಡೆದು ಹಿಂಡಿ ರಸ್ತೆಯ ಮೇಲೆಲ್ಲ ಹರಡಿತ್ತು. ಅದರ ಮೇಲೆ ಮಟ್ಟೆಗಳು ಒಂದೊಂದಾಗಿ ಉರುಳುತ್ತಿದ್ದವು. ಲಾರಿಯಿಂದ ನನ್ನ ವಯಸ್ಸಿಗಿಂತ ನಾಲ್ಕೈದು ವರ್ಷ ಹಿರಿಯನಾದ ಹುಡುಗನೊಬ್ಬ ಇಳಿದ. ಕಾರಿನೊಳಗೆ ಬಗ್ಗಿ ಬಗ್ಗಿ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟ. ಅವನ ಕೈ ನಡುಗುತ್ತಿತ್ತು. ನನ್ನದೂ ಅಷ್ಟೆ.

ಅರ್ಧ ಗಂಟೆಯೊಳಗೆ ತಂದೆಯವರು ಬಂದರು, ಲಾರಿಯ ಯಜಮಾನರು ಬಂದರು, ಇಬ್ಬರಿಗೂ ಬುದ್ಧಿ ಹೇಳುವುದಕ್ಕೆ ಇಪ್ಪತ್ತು ಜನ ಬಂದರು. ನಮ್ಮ ಕಡೆ ಇಂಥ ವ್ಯವಹಾರ ರಸ್ತೆಯ ಮೇಲೆಯೇ ಮುಗಿಯುವುದು ವಾಡಿಕೆ. “ಒಂದು ಐದು ಸಾವಿರ ಇಸ್ಕೊಂಡು ಮುಗಿಸ್ಕೊಳ್ಳಿ ಯಜಮಾನ್ರೆ, ಅಕ್ಕಪಕ್ಕದ ಊರವರು, ನಾಳೆ ಮುಖ ನೋಡ್ಬೇಕು” ಎಂದರು ಕೆಲವರು. ತಂದೆಯವರಿಗೂ ಠಾಣೆ ಕೋರ್ಟು ಎಂದರೆ ಆಗದು. ಅವರು ಹೂಂ ಎನ್ನುವುದರಲ್ಲಿದ್ದರು. ಆಗ ಗುಂಪಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು, “ತಡಿಯಪ್ಪ, ಆ ಲಾರಿಗೆ ಇನ್ಶೂರೆನ್ಸ್ ಇದೆಯಾ ಕೇಳು” ಎಂದರು. ಇದೆ ಎಂದಾಯಿತು.

“ಹಾಗಾದ್ರೆ ಇವರ ಹತ್ರ ಯಾಕೆ ಇಸ್ಕೊಳ್ತೀಯ? ನಿನ್ನ ಕಾರಿಗೆ ನೀನು ಕಟ್ಟೋ ದುಡ್ಡು ನಿನಗಲ್ಲ, ನೀನು ಯಾರಿಗಾದ್ರೂ ಗುದ್ದಿದ್ರೆ ಅವರಿಗೆ. ಹಾಗೇ ಇವರು ಕಟ್ಟಿರೋದು ಇವರಿಗಲ್ಲ, ನಿನಗೆ. ಇದು ಬೇಡೋದಲ್ಲಪ್ಪ, ಕೇಳೋದು” ಎಂದರು ಮೇಷ್ಟರು.

ಮೇಷ್ಟರ ಮಾತು ಅಕ್ಷರಶಃ ನಿಜ. ನಮ್ಮ ಕಾರಿಗಿದ್ದದ್ದು ಬರಿಯ ಆ್ಯಕ್ಟ್ ಪಾಲಿಸಿ. ೨೦೨೨ರ ಜೂನ್ ೧ರಿಂದ, ಸಾವಿರ ಸಿ.ಸಿ. ಮೀರದ ಖಾಸಗಿ ಕಾರಿಗೆ ಇದರ ಮೂಲ ಪ್ರೀಮಿಯಂ ವರ್ಷಕ್ಕೆ ೨,೦೯೪ ರೂಪಾಯಿ. ಅದರಿಂದ ಪರರ ನಷ್ಟ ಭರ್ತಿಯಾಗುತ್ತದೆಯೇ ಹೊರತು ನಮ್ಮ ಗಾಡಿಯ ಒಂದು ಬಲ್ಬು ಕೂಡ ಬರುವುದಿಲ್ಲ. ಸ್ವಂತ ಗಾಡಿಗೂ ರಕ್ಷಣೆಯಿರುವ ಪಾಲಿಸಿ ಮಾಡಿಸಿದವರು ತಮ್ಮ ಕಂಪೆನಿಯಿಂದಲೇ ರಿಪೇರಿ ಮಾಡಿಸಿಕೊಂಡು ಬೇಗ ಪಾರಾಗುತ್ತಾರೆ. ಆದರೆ ಅವರಿಗೂ ಖರ್ಚು ತಪ್ಪಿದ್ದಲ್ಲ. ರಬ್ಬರು, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧ ಸವಕಳಿಯೆಂದು ಕಳೆಯುತ್ತಾರೆ. ಅಪಘಾತವಿಲ್ಲದ ವರ್ಷಗಳಿಗಾಗಿ ಪ್ರೀಮಿಯಮ್ಮಿನಲ್ಲಿ ಶೇಕಡ ೨೦ರಿಂದ ೫೦ರವರೆಗೆ ದೊರೆಯುತ್ತಿದ್ದ ರಿಯಾಯಿತಿಯೂ ಹೋಗುತ್ತದೆ. ನಮಗೆ ಆ ದಾರಿಯೇ ಇರಲಿಲ್ಲ. ಇದ್ದದ್ದು ಲಾರಿಯವರ ಕಂಪೆನಿಯ ಬಾಗಿಲು ಒಂದೇ.

ಈ ಬಾಗಿಲನ್ನು ಕಾನೂನು ತೆರೆದು ಬಹಳ ಕಾಲವಾಗಿದೆ. ದಾರಿಹೋಕರ ರಕ್ಷಣೆಗಾಗಿ ಮೋಟಾರು ಇಟ್ಟವರು ವಿಮೆ ಮಾಡಿಸಲೇಬೇಕೆಂದು ಬ್ರಿಟನ್ನಿನಲ್ಲಿ ೧೯೩೦ರಲ್ಲಿ ಕಾಯಿದೆಯಾಯಿತು. ನಮ್ಮಲ್ಲಿ ೧೯೩೯ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಆ ವಿಧಿ ಸೇರಿ, ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಿತು. ಪರಿಹಾರದ ಅರ್ಜಿಗಳನ್ನು ಕೇಳಲೆಂದೇ ನ್ಯಾಯಮಂಡಳಿಗಳನ್ನು ಸ್ಥಾಪಿಸಲು ೧೯೫೬ರ ತಿದ್ದುಪಡಿ ಅವಕಾಶ ಕೊಟ್ಟಿತು. ಈಗ ನಡೆಯುತ್ತಿರುವುದು ೧೯೮೮ರ ಕಾಯಿದೆ. ಅದರ ೧೬೫ ಮತ್ತು ೧೬೬ನೆಯ ಸೆಕ್ಷನ್ನುಗಳ ಪ್ರಕಾರ ಪ್ರಾಣಹಾನಿ, ಗಾಯಗಳಿಗಷ್ಟೇ ಅಲ್ಲದೆ, ಜಖಂ ಆದ ಸ್ವತ್ತಿನ ಮಾಲೀಕನೂ ಪರಿಹಾರ ಕೇಳಬಹುದು. ತಾನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಕೇಳಬಹುದು. ಆದರೆ ೨೦೧೯ರ ತಿದ್ದುಪಡಿಯಿಂದ ಒಂದು ಗಡುವು ಸೇರಿ, ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು.

ಇದೆಲ್ಲ ಆಮೇಲೆ ವಕೀಲರಿಂದ ತಿಳಿದದ್ದು. ಮರುದಿನ ಬೆಳಿಗ್ಗೆ ನಮಗೆ ತಿಳಿದಿದ್ದದ್ದು ಠಾಣೆಗೆ ಹೋಗಿ ಫಿರ್ಯಾದು ಕೊಡಬೇಕೆಂಬುದಷ್ಟೆ. ನಾನು ಹೇಳಿದಂತೆ ರೈಟರು ಬರೆದುಕೊಳ್ಳುತ್ತ ಹೋದರು. ಎಲ್ಲಿ ನಿಲ್ಲಿಸಿದ್ದೆ, ಎಷ್ಟು ಗಂಟೆ, ಲಾರಿಯ ನಂಬರೇನು. ನಡುವೆ ತಲೆಯೆತ್ತಿ, “ಹಿಂದಿನ ಲೈಟು ಹಾಕಿತ್ತೇನಪ್ಪ?” ಎಂದರು.

ಪಕ್ಕದಲ್ಲಿ ತಂದೆಯವರು ನಿಂತಿದ್ದರು. ಹಿಂದಿನ ರಾತ್ರಿ ಅವರೂ ಇದೇ ಪ್ರಶ್ನೆ ಕೇಳಿದ್ದರು. ಬೈಗುಳಕ್ಕೆ ಹೆದರಿ ಹೂಂ ಎಂದಿದ್ದೆ. ಈಗ ಬೇರೆ ಹೇಳುವುದು ಹೇಗೆ? ಮತ್ತೆ “ಹೂಂ” ಎಂದೆ. ರೈಟರು ಬರೆದುಕೊಂಡರು. ನಿಜ ಹೇಳಬೇಕೆಂದರೆ ಎಂಜಿನ್ನಿನ ಜೊತೆಗೆ ದೀಪವನ್ನೂ ಆರಿಸಿ ಇಳಿದಿದ್ದೆ. ಇಂಡಿಕೇಟರು ಕೂಡ ಹಾಕಿರಲಿಲ್ಲ.

ಆಮೇಲೆ ಕೆಲಸಗಳು ಒಂದರ ಹಿಂದೆ ಒಂದು ಬಂದವು. ಪೊಲೀಸರು ಸ್ಥಳಕ್ಕೆ ಬಂದು ಮಹಜರು ಮಾಡಿದರು. ಮೋಟಾರು ವಾಹನ ನಿರೀಕ್ಷಕರು ಎರಡು ಗಾಡಿಗಳನ್ನೂ ಪರೀಕ್ಷಿಸಿ ವರದಿ ಕೊಟ್ಟರು. ಅದಾಗುವವರೆಗೆ ಕಾರಿನ ಒಂದು ನಟ್ಟನ್ನೂ ಬಿಚ್ಚಬಾರದೆಂದು ವಕೀಲರ ಆಜ್ಞೆ. ಎಲ್ಲ ಕಡೆಯಿಂದ ಫೋಟೋ ತೆಗೆಸಿದೆವು. ಪರವಾನಗಿ ಪಡೆದ ಸರ್ವೇಯರೊಬ್ಬರಿಂದ ನಷ್ಟದ ಅಂದಾಜು ಮಾಡಿಸಿದೆವು. ಲಾರಿಯವರ ಪಾಲಿಸಿಯ ನಕಲು ಕೈಗೆ ಬಂದ ದಿನ ವಕೀಲರು ಕನ್ನಡಕ ಏರಿಸಿ ಮೊದಲು ನೋಡಿದ್ದು ಒಂದೇ ಸಾಲು. ಪರರ ಸ್ವತ್ತಿನ ಹಾನಿಗೆ ಕಾರು ಲಾರಿಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ೭.೫ ಲಕ್ಷ ರೂಪಾಯಿಯವರೆಗೆ ರಕ್ಷಣೆಯಿರುತ್ತದೆ. ಆದರೆ ಪ್ರೀಮಿಯಮ್ಮಿನಲ್ಲಿ ಸ್ವಲ್ಪ ಉಳಿಸುವ ಆಸೆಯಿಂದ ಅದನ್ನು ೬,೦೦೦ಕ್ಕೆ ಇಳಿಸಿಕೊಳ್ಳುವವರೂ ಉಂಟಂತೆ. ಹಾಗೆ ಮಾಡಿದ್ದರೆ ಮಿಕ್ಕದ್ದನ್ನು ಲಾರಿಯ ಯಜಮಾನರೇ ಕೊಡಬೇಕಾಗುತ್ತಿತ್ತು. ನಮ್ಮ ಪುಣ್ಯ, ಅವರದೂ ಪುಣ್ಯ, ಹಾಗೆ ಮಾಡಿರಲಿಲ್ಲ.

ರಿಪೇರಿ ತಿಪಟೂರಿನ ಗ್ಯಾರೇಜಿನಲ್ಲಿ ನಡೆಯಿತು. ಟಿಂಕರಿಂಗು, ಪೇಂಟಿಂಗು, ಹೊಸ ಬಂಪರು, ಗಾಜು, ದೀಪ ಎಲ್ಲ ಸೇರಿ ೩೪,೬೦೦ ರೂಪಾಯಿ. ಬಿಲ್ಲಿಲ್ಲದ ರಿಪೇರಿ ಕೋರ್ಟಿನ ಲೆಕ್ಕದಲ್ಲಿ ರಿಪೇರಿಯೇ ಅಲ್ಲ. ಆದುದರಿಂದ ಒಂದೊಂದು ಸ್ಕ್ರೂಗೂ ರಸೀತಿ ಕೇಳಿ, ಮೆಕ್ಯಾನಿಕ್ಕಿನ ದೃಷ್ಟಿಯಲ್ಲಿ ನಾನು ಬಹಳ ಜಿಪುಣನಾದೆ. ಕಂಪೆನಿಯ ಹಣ ಬರುವುದು ಆದೇಶವಾದ ಮೇಲೆ. ಗ್ಯಾರೇಜಿನವನಿಗೆ ಕೊಡಬೇಕಾದದ್ದು ಕಾರು ಬಿಡಿಸುವ ದಿನ. ನಮ್ಮ ಅಟ್ಟದ ಕಾಯಿ ಇನ್ನೂ ಕೊಬ್ಬರಿಯಾಗಿರಲಿಲ್ಲ. ಕಾಯಿ ಅಟ್ಟದಲ್ಲಿ ಸುಮಾರು ಒಂದು ವರ್ಷ ಕುಳಿತರೆ ತಾನಾಗಿ ಒಣಗಿ, ಚಿಪ್ಪಿನೊಳಗೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಕಾಯುವ ತಾಳ್ಮೆಯೇ ನಮ್ಮವರ ಬಂಡವಾಳ. ಅದೂ ಎಂಥ ವರ್ಷ! ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ ೧೧,೭೫೦ ರೂಪಾಯಿ ಬೆಂಬಲ ಬೆಲೆ ಸಾರಿದ್ದರೂ, ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ತಂದೆಯವರು ಅಟ್ಟದ ಅರ್ಧ ಕಾಯಿಯನ್ನು ಹಸಿ ಕಾಯಿಯಾಗಿಯೇ ಕೆಳಗಿಳಿಸಿ ಮಾರಿದರು. ಇಳಿಸುವಾಗ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆರು ತಿಂಗಳು ತುಂಬುವ ಮೊದಲೇ, ಮೇ ತಿಂಗಳಲ್ಲಿ, ಅರ್ಜಿ ದಾಖಲಾಯಿತು. ತಂದೆಯವರು ಅರ್ಜಿದಾರರು, ಲಾರಿಯ ಯಜಮಾನರೂ ವಿಮಾ ಕಂಪೆನಿಯೂ ಎದುರುದಾರರು, ನಾನು ಸಾಕ್ಷಿ. ದಿನಾಂಕಗಳು ಬಂದವು, ಹೋದವು. ನಾನು ಎರಡು ಸೆಮಿಸ್ಟರ್ ದಾಟಿದೆ. ನಮ್ಮ ಅರ್ಜಿ ಮಾತ್ರ ಇದ್ದ ತರಗತಿಯಲ್ಲಿಯೇ ಇತ್ತು.

ಹೀಗಿರುವಾಗ ಒಂದು ಸಂಜೆ ಕೆ.ಬಿ. ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಟೀ ಅಂಗಡಿಯಿಂದ ಯಾರೋ ನೋಡಿ ನಕ್ಕಂತಾಯಿತು. ಲಾರಿಯ ಹುಡುಗ! ತಲೆ ತಪ್ಪಿಸಿಕೊಳ್ಳೋಣವೆಂದರೆ ಅವನೇ ಎದ್ದು ಬಂದು, ಬೇಡವೆಂದರೂ ಟೀ ಕೊಡಿಸಿದ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ಸಾವಿರ ರೂಪಾಯಿ ದಂಡ ಕಟ್ಟಿದನಂತೆ. ಯಜಮಾನರು ಲಾರಿಯಿಂದ ಬಿಡಿಸಿದ್ದರಂತೆ. ಈಗ ಕೂಲಿಗೆ ಕಾಯಿ ಸುಲಿಯಲು ಹೋಗುತ್ತಿದ್ದನಂತೆ. ಅವನ ಮಾತಿನಲ್ಲಿ ನನ್ನ ಮೇಲೆ ಕೋಪವೇನೂ ಇರಲಿಲ್ಲ.

“ಒಂದು ಕೇಳ್ಲಾ ಬ್ರದರ್? ಆವತ್ತು ನಿಮ್ಮ ಗಾಡಿ ಲೈಟು ಉರೀತಿತ್ತು ಅಂತ ಪೇಪರ್‌ನಲ್ಲಿ ಬರೆದೈತೆ. ನನಗೆ ಮಾತ್ರ ಏನೂ ಕಾಣಿಸ್ಲಿಲ್ಲ. ಕಣ್ಣಲ್ಲೇ ಏನೋ ಐಬು ಅಂತ ತುಮಕೂರಿಗೆ ಹೋಗಿ ತೋರಿಸ್ಕೊಂಡು ಬಂದೆ. ಡಾಕ್ಟ್ರು ಕಣ್ಣು ಚೆನ್ನಾಗೈತೆ ಅಂದ್ರು. ಆದ್ರೂ ರಾತ್ರಿ ಹೊತ್ತು ಗಾಡಿ ಓಡ್ಸೋಕೆ ಧೈರ್ಯ ಬರ್ತಿಲ್ಲ.”

ನನ್ನ ಬಸ್ಸು ಬಂದಿತು. ಉತ್ತರ ಹೇಳದೆ ಹತ್ತಿಬಿಟ್ಟೆ. ಹೇಡಿಗೆ ಬಸ್ಸುಗಳು ಸರಿಯಾದ ವೇಳೆಗೆ ಬರುತ್ತವೆ.

ಆ ವಾರದಲ್ಲಿಯೇ ವಕೀಲರು ನನ್ನ ಸಾಕ್ಷ್ಯದ ಪ್ರಮಾಣಪತ್ರ ಸಿದ್ಧಪಡಿಸಿ ಸಹಿಗೆ ಕರೆದರು. ಫಿರ್ಯಾದಿನಲ್ಲಿದ್ದದ್ದೇ ಅದರಲ್ಲಿಯೂ ಇತ್ತು: “ವಾಹನದ ಹಿಂದಿನ ದೀಪಗಳನ್ನು ಉರಿಸಿ, ರಸ್ತೆಯ ಎಡಬದಿಯಲ್ಲಿ ನಿಲ್ಲಿಸಿದ್ದೆನು.” ಪೆನ್ನು ಹಿಡಿದವನು ಹಿಡಿದೇ ಇದ್ದೆ. ಠಾಣೆಯಲ್ಲಿ ಹೇಳಿದ್ದು ಒಂದಕ್ಷರದ ಹೂಂ. ಅದು ಎಷ್ಟು ದೂರ ನಡೆದಿತ್ತು ನೋಡಿ! ಒಬ್ಬನ ಕೆಲಸ ಕಳೆದು, ಅವನನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಿ, ಈಗ ಛಾಪಾ ಕಾಗದದ ಮೇಲೆ ಕುಳಿತು ನನ್ನ ಸಹಿ ಕೇಳುತ್ತಿತ್ತು. “ನಾಳೆ ಬರ್ತೀನಿ ಸಾರ್” ಎಂದು ಎದ್ದು ಬಂದೆ.

ರಾತ್ರಿ ಊಟವಾದ ಮೇಲೆ ತಂದೆಯವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಹೋಗಿ ಹೇಳಿದೆ. ಒಂದೇ ಉಸಿರಿನಲ್ಲಿ ಎಲ್ಲವನ್ನೂ, ಟೀ ಅಂಗಡಿಯ ಮಾತನ್ನೂ ಸೇರಿಸಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಆವತ್ತು ನಾನು ಕೇಳಿದಾಗ ಇಲ್ಲ ಅಂದಿದ್ರೆ ಏನಾಗ್ತಿತ್ತು?”

“ನೀವು ಬೈತಿದ್ರಿ.”

“ಬೈತಿದ್ದೆ. ಬೈಸ್ಕೊಂಡಿದ್ರೆ ಅಲ್ಲಿಗೆ ಮುಗೀತಿತ್ತಲ್ಲೋ” ಎಂದರು. ಇಷ್ಟೆ. ಎದ್ದು ಒಳಗೆ ಹೋದರು.

ಮಾರನೆಯ ದಿನ ಇಬ್ಬರೂ ವಕೀಲರ ಮನೆಗೆ ಹೋದೆವು. ಅವರು ಕೇಳಿ ಮುಖ ಸಿಂಡರಿಸಿದರು. ಎರಡೂ ಕಡೆ ತಪ್ಪಿದ್ದರೆ ನ್ಯಾಯಾಲಯ ತಪ್ಪನ್ನು ಪಾಲು ಮಾಡಿ, ನಮ್ಮ ಪಾಲಿನಷ್ಟನ್ನು ಪರಿಹಾರದಲ್ಲಿ ಕಳೆಯುತ್ತದೆ ಎಂದು ವಿವರಿಸಿದರು. “ಇದನ್ನ ನೀವೇ ಹೇಳಿದ್ರೆ ಕಂಪೆನಿಯವರು ಬಿಡ್ತಾರಾ? ಕಾಲು ಭಾಗ ಹೋಯ್ತು ಅಂತ ಇಟ್ಕೊಳ್ಳಿ. ಫಿರ್ಯಾದು ಒಂದು ಥರ, ಸಾಕ್ಷಿ ಒಂದು ಥರ ಆದ್ರೆ ಕೇಸೇ ಹೋದರೂ ಹೋಯ್ತು.”

“ಹೋಗಲಿ ಸ್ವಾಮಿ” ಎಂದರು ತಂದೆಯವರು. “ನಮ್ಮದಲ್ಲದ ಕಾಲು ಭಾಗ ಹೋದ್ರೆ, ಹೋಯ್ತು ಅಂತ ಹೇಗೆ ಅನ್ನೋದು?”

ವಕೀಲರು ಸ್ವಲ್ಪ ಹೊತ್ತು ಅವರ ಮುಖ ನೋಡಿ, ಪ್ರಮಾಣಪತ್ರವನ್ನು ಬೇರೆಯಾಗಿ ಬರೆಸಿದರು. ದೀಪ ಉರಿಯುತ್ತಿರಲಿಲ್ಲ, ಫಿರ್ಯಾದಿನಲ್ಲಿ ಆ ಅಂಶವನ್ನು ನಾನೇ ತಪ್ಪಾಗಿ ಹೇಳಿದ್ದೆ ಎಂದು ಅದರಲ್ಲಿ ಸೇರಿತು. ಅದಕ್ಕೆ ಸಹಿ ಮಾಡುವಾಗ ಕೈ ನಡುಗಲಿಲ್ಲವೆಂದರೆ ಸುಳ್ಳಾದೀತು, ಆದರೆ ಮಾಡಿದೆ.

ಪ್ರಕರಣ ೨೦೨೪ರಲ್ಲಿ ಲೋಕ ಅದಾಲತ್ತಿಗೆ ಬಂದಿತು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಅಲ್ಲಿ ಎರಡೂ ಕಡೆಯವರು ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ; ಅದರ ಮೇಲೆ ಅಪೀಲು ಇಲ್ಲ. ಒಂದು ಮೇಜಿನ ಸುತ್ತ ನಾವು, ಲಾರಿಯ ಯಜಮಾನರು, ಕಂಪೆನಿಯ ಅಧಿಕಾರಿ, ಇಬ್ಬರು ವಕೀಲರು. ಕಂಪೆನಿಯ ವಕೀಲರು ನನ್ನ ಪ್ರಮಾಣಪತ್ರವನ್ನು ಓದಿ, “ದೀಪ ಇರಲಿಲ್ಲ ಅಂತ ಇವರೇ ಬರೆದಿದ್ದಾರೆ!” ಎಂದು ಆಶ್ಚರ್ಯಪಟ್ಟರು. ವಾದಿಸಲು ಸಿದ್ಧರಾಗಿ ಬಂದಿದ್ದವರಿಗೆ ವಾದಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಅರ್ಧಕ್ಕೆ ಎಂದರು, ನಮ್ಮ ವಕೀಲರು ಲಾರಿಯ ಬ್ರೇಕಿನ ಗುರುತು ಮಹಜರಿನಲ್ಲಿ ಎಷ್ಟು ಉದ್ದವಿದೆಯೆಂದು ತೋರಿಸಿದರು. ಕೊನೆಗೆ ಮುಕ್ಕಾಲು ಭಾಗದ ಲೆಕ್ಕದಲ್ಲಿ ೨೬,೦೦೦ ರೂಪಾಯಿಗೆ ಒಪ್ಪಿಗೆಯಾಯಿತು. ನಷ್ಟದಲ್ಲಿ ಕಾಲು ಭಾಗ ನನ್ನದೆಂದು ಕಾಗದವೇ ಹೇಳಿತು. ನನ್ನ ಮನಸ್ಸು ಹೇಳುವ ಲೆಕ್ಕ ಅದಕ್ಕಿಂತ ಸ್ವಲ್ಪ ಹೆಚ್ಚು.

ಹೊರಗೆ ಬಂದ ಮೇಲೆ ಲಾರಿಯ ಯಜಮಾನರನ್ನು ನಿಲ್ಲಿಸಿ, “ಆ ಅಣ್ಣಂದೇ ಪೂರ್ತಿ ತಪ್ಪಲ್ಲ ಸಾರ್, ಅವರನ್ನ ವಾಪಸ್ ಕರ್ಕೊಳ್ಳಿ” ಎಂದೆ. ಅವರು ಏನನ್ನೋ ಯೋಚಿಸಿ, “ಮೊದಲೇ ಹೇಳಿದ್ರೆ ಆಗ್ತಿತ್ತು ಮರಿ. ಈಗ ಬೇರೆಯವರು ಇದ್ದಾರೆ” ಎಂದರು. ಹುಡುಗನ ಊರು ಹುಡುಕಿಕೊಂಡು ಹೋಗಿ ಅವನಿಗೂ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆ. ಅವನು, “ಹಂಗಾದ್ರೆ ನನ್ನ ಕಣ್ಣು ಸರಿಯಾಗೇ ಐತೆ!” ಎಂದು ಒಳಗಿದ್ದ ತಾಯಿಗೆ ಕೂಗಿ ಹೇಳಿದ. ಈಗ ಚಿಕ್ಕನಾಯಕನಹಳ್ಳಿಯ ಕಡೆ ಯಾರದೋ ಲಾರಿ ಓಡಿಸುತ್ತಿದ್ದಾನೆಂದು ಕೇಳಿದ್ದೇನೆ.

ಮಿತ್ರರೆ, ಇಂಥ ಪ್ರಸಂಗ ನಿಮಗೆ ಬಾರದಿರಲಿ. ಬಂದರೆ, ರಸ್ತೆಯ ಮೇಲೆ ಕೊಟ್ಟ ಐದು ಸಾವಿರಕ್ಕೆ ಒಪ್ಪಿಕೊಳ್ಳುವ ಮೊದಲು ಒಂದು ಗಳಿಗೆ ಯೋಚಿಸಿ. ಎದುರಿನವನ ಪಾಲಿಸಿಯಲ್ಲಿ ನಿಮ್ಮ ಹೆಸರು ಬರೆದಿಲ್ಲವಾದರೂ ಅದು ನಿಮಗಾಗಿಯೇ ಇದೆ. ಫಿರ್ಯಾದು, ಫೋಟೋ, ರಸೀತಿ, ಆರು ತಿಂಗಳ ಗಡುವು, ಇವನ್ನು ಮರೆಯದಿದ್ದರೆ ತಡವಾಗಿಯಾದರೂ ಅದು ನಿಮ್ಮ ಕೈ ಸೇರುತ್ತದೆ. ನಮಗೆ ಸೇರಿತು.

ಆದರೆ ಈ ವ್ಯವಹಾರದಲ್ಲಿ ಮೂರನೆಯವನು ನಾನೊಬ್ಬನೇ ಆಗಿರಲಿಲ್ಲ. ಠಾಣೆಯಲ್ಲಿ ನನಗೂ ಒಂದು ಹಾಳೆ ಕಾಗದಕ್ಕೂ ಒಪ್ಪಂದವಾದಾಗ, ಅದರ ಸುದ್ದಿಯೇ ಇಲ್ಲದೆ ಏಟು ತಿಂದವನು ಆ ಹುಡುಗ. ನನಗಾದ ನಷ್ಟಕ್ಕೆ ಕಾಯಿದೆಯಿತ್ತು, ಕಂಪೆನಿಯಿತ್ತು, ನ್ಯಾಯಮಂಡಳಿಯಿತ್ತು. ಅವನು ಲಾರಿಯಿಲ್ಲದೆ ಕಳೆದ ತಿಂಗಳುಗಳಿಗೆ ಯಾವ ಪಾಲಿಸಿಯೂ ಇರಲಿಲ್ಲ. ಅದನ್ನು ನಾನು ಇನ್ನೂ ತೀರಿಸಿಲ್ಲ.

ಈಗ ಕತ್ತಲಲ್ಲಿ ಕಾರು ನಿಲ್ಲಿಸಿದಾಗಲೆಲ್ಲ ಇಳಿದು ಹಿಂದಕ್ಕೆ ಹೋಗಿ, ದೀಪ ಉರಿಯುತ್ತಿದೆಯೇ ಎಂದು ನೋಡಿ ಬರುತ್ತೇನೆ. ಒಳಗೆ ಕುಳಿತ ಅಜ್ಜಿ, “ಏನೋ ಅದು, ಪ್ರತಿಸಲವೂ ಹೋಗಿ ನೋಡ್ತೀಯಲ್ಲ?” ಎನ್ನುತ್ತಾಳೆ. “ಲೈಟು ಅಜ್ಜಿ” ಎನ್ನುತ್ತೇನೆ. “ಉರೀತಿದೆಯಾ?” ಎಂದು ಕೇಳುತ್ತಾಳೆ. ಕಣ್ಣಾರೆ ನೋಡಿ ಬಂದ ಮೇಲೆಯೇ ಹೂಂ ಎನ್ನುತ್ತೇನೆ.